ನೆತ್ತರಿಲ್ಲದ ಪೊರೆ

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಕಡ್ಡಿರಾಂಪುರದಲ್ಲಿ ನನ್ನ ಸೋದರತ್ತೆಯ ಮನೆ. ನಾನು ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ, ಒಮ್ಮೆ ಕಬ್ಬಿನ ರವದಿ ಸುಲಿಯುತ್ತಿದ್ದ ಅವರ ಎಡಗಣ್ಣನ್ನು ಗರಿಯೊಂದು ಗೀರಿತು. ಮನೆಮದ್ದೆಂದು ಹಿಂಡಿದ ಸೊಪ್ಪಿನ ರಸ ಹುಣ್ಣಿಗೆ ದಾರಿಯಾಗಿ, ಕೊನೆಗೆ ಕಣ್ಣಿನ ಮೇಲೆ ಬಿಳಿಯ ಹೂವು ಕೂತಿತು.

“ಗಾಯ ಇಷ್ಟು, ಉರಿ ಅಷ್ಟು. ಒಂದು ಹನಿ ರಕ್ತಾನೂ ಬರಲಿಲ್ಲಲ್ಲೋ ಅಳಿಯಾ!” ಎಂದರು ಅತ್ತೆ. ಅವರು ಅರಿಯದೆ ಆಡಿದ ಈ ಮಾತಿನಲ್ಲಿ ಕಣ್ಣಿನ ರಚನೆಯ ಮರ್ಮವೇ ಇತ್ತು.

ಕಣ್ಣಿಗೆ ರಕ್ತದ ಬಡತನವೇನೂ ಇಲ್ಲ. ಕೊರಳಿನಿಂದ ತಲೆಬುರುಡೆಯೊಳಕ್ಕೆ ಏರುವ ಹಿರಿಯ ಧಮನಿಯಿಂದ ಕವಲೊಡೆದ ನೇತ್ರಧಮನಿಯು ದೃಷ್ಟಿನರದ ಜೊತೆಜೊತೆಗೇ ಕಣ್ಣಿನ ಗೂಡನ್ನು ಸೇರುತ್ತದೆ. ಅದರ ಎಳೆಯೊಂದು ನರದೊಳಗೇ ತೂರಿ ರೆಟಿನಾಕ್ಕೆ ನೆತ್ತರು ಹರಿಸುತ್ತದೆ. ಅದು ಕಟ್ಟಿಕೊಂಡರೆ ಕೆಲವೇ ಗಂಟೆಗಳಲ್ಲಿ ನೋಟ ಶಾಶ್ವತವಾಗಿ ಹೋಗಬಹುದು. ಆದರೆ ಮುಂಭಾಗದಲ್ಲಿರುವ, ಅರ್ಧ ಮಿಲಿಮೀಟರಿನಷ್ಟು ದಪ್ಪದ ಗಾಜಿನಂಥ ಪೊರೆ ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಇದ್ದಿದ್ದರೆ ಬೆಳಕಿನ ಹಾದಿಗೆ ಕೆಂಪು ಬಲೆ ಕಟ್ಟಿದಂತಾಗುತ್ತಿತ್ತು. ಅದಕ್ಕೆ ಆಹಾರ ಒಳಗಿನ ತಿಳಿನೀರಿನಿಂದ. ಉಸಿರು ಹೊರಗಿನ ಗಾಳಿಯಿಂದ, ಕಣ್ಣೀರಿನ ಮೂಲಕ.

ಕಣ್ಣೀರೆಂದರೆ ಅಳುವಾಗ ಬರುವುದಷ್ಟೇ ಅಲ್ಲ. ರೆಪ್ಪೆಯ ಒಳಮೈಯ ಕಿರುಗ್ರಂಥಿಗಳು ಸದಾ ಒಸರುತ್ತಿರುತ್ತವೆ. ರೆಪ್ಪೆಯಂಚಿನವು ಎಣ್ಣೆಯ ತೆಳುಪದರ ಹಾಸಿ ಆ ನೀರು ಆರದಂತೆ ಕಾಯುತ್ತವೆ. ದುಃಖಕ್ಕೆ, ಒಲೆಯ ಹೊಗೆಗೆ, ಕಬ್ಬಿನ ಗರಿಗೆ ಧಾರೆ ಸುರಿಸುವುದು ಹುಬ್ಬಿನ ಹೊರತುದಿಯಡಿ ಅಡಗಿರುವ ಬಾದಾಮಿಯಾಕಾರದ ಅಶ್ರುಗ್ರಂಥಿ. ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯುವುದು ಐದನೆಯ ಕಪಾಲನರ. ಗ್ರಂಥಿಗೆ ಆಜ್ಞೆ ತರುವುದೂ ರೆಪ್ಪೆ ಮುಚ್ಚಿಸುವುದೂ ಏಳನೆಯದು. ರಕ್ತವಿಲ್ಲದ ಆ ಪೊರೆಯಲ್ಲಿ ನರತಂತುಗಳು ಚರ್ಮಕ್ಕಿಂತ ಎಷ್ಟೋ ಪಟ್ಟು ದಟ್ಟ. ಅತ್ತೆಯ ಉರಿಗೆ ಅದೇ ಕಾರಣ.

ರಕ್ತನಾಳವಿಲ್ಲದ್ದರಿಂದ ಒಂದು ಉಪಕಾರವೂ ಆಗಿದೆ. ಪರರ ಕಾರ್ನಿಯಾವನ್ನು ದೇಹವು ಬೇರೆ ಅಂಗಗಳನ್ನು ತಳ್ಳಿಹಾಕುವಷ್ಟು ಸುಲಭವಾಗಿ ತಳ್ಳಿಹಾಕದು. ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಅದನ್ನು ಕಸಿಮಾಡಿ ಗೆದ್ದದ್ದು 1905ರಲ್ಲಿ. ಮೂತ್ರಪಿಂಡದ ಕಸಿ ಸಫಲವಾಗಲು 1954ರವರೆಗೆ ಕಾಯಬೇಕಾಯಿತು. ಹಾಗೆಂದು ಇಡೀ ಕಣ್ಣನ್ನು ನಾಟಿ ನೋಟ ತರಿಸಲಾಗದು. ಸುಮಾರು ಹತ್ತು ಲಕ್ಷ ಎಳೆಗಳ ದೃಷ್ಟಿನರವನ್ನು ಮರಳಿ ಬೆಸೆಯುವ ವಿದ್ಯೆ ಇನ್ನೂ ಕೈಗೂಡಿಲ್ಲ.

ಅತ್ತೆಗೂ ಕಸಿಯೇ ದಾರಿ ಎಂದರು ನೇತ್ರವೈದ್ಯರು. ಅತ್ತೆ ಒಪ್ಪಲಿಲ್ಲ. “ಸತ್ತವರ ಕಣ್ಣು ನನಗ್ಯಾಕ? ಮುಂದಿನ ಜನ್ಮಕ್ಕ ಅವರು ಕುರುಡರಾಗಿ ಹುಟ್ಟಿದರ?” ನಾನು ಪುಸ್ತಕದ ಮಾತು ಬಿಟ್ಟು ಕಣ್ಣಪ್ಪನ ಕಥೆ ಎತ್ತಿದೆ. ಶಿವನಿಗೆ ಕಣ್ಣು ಕಿತ್ತುಕೊಟ್ಟ ಆ ಬೇಡನನ್ನು ರಗಳೆಯಲ್ಲಿ ಹಾಡಿದವನು ವಿರೂಪಾಕ್ಷನ ಭಕ್ತನಾದ ಹರಿಹರ. 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ಅದೇ ಪಾತ್ರ ವಹಿಸಿದ್ದ ರಾಜ್‌ಕುಮಾರ್ ಅವರು 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು.

ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. “ರಾಜಕುಮಾರ ಕೊಟ್ಟಾರೇನು?” ಎಂದು ಎರಡು ಬಾರಿ ಕೇಳಿದರು.

ಕಸಿಯಾಯಿತು. ಕೊಟ್ಟವರು ಯಾರೆಂದು ಆಸ್ಪತ್ರೆಯವರು ಹೇಳುವುದಿಲ್ಲ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯಂದು ಹಿರಿಯರ ಎಡೆಗಳ ಪಕ್ಕದಲ್ಲಿ ಅತ್ತೆ ಇನ್ನೊಂದು ಎಲೆ ಹಾಕುತ್ತಾರೆ. ಹೆಸರು ಹೇಳಬೇಕಾದ ಕಡೆ “ಎಡಗಣ್ಣಿನವರಿಗೆ” ಎನ್ನುತ್ತಾರೆ.