ನಾಯಿಮರಿಯ ನಿದ್ದೆ

ವಿದ್ಯಾರ್ಥಿಯಾದವನಿಗೆ ಇರಬೇಕಾದ ಐದು ಲಕ್ಷಣಗಳನ್ನು ಹೇಳುವ ಸಂಸ್ಕೃತ ಸುಭಾಷಿತವೊಂದನ್ನು ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಕಾಗೆಯಿಂದ ಪ್ರಯತ್ನವನ್ನು, ಬಕಪಕ್ಷಿಯಿಂದ ಧ್ಯಾನವನ್ನು ಎರವಲು ತಂದ ಆ ಸುಭಾಷಿತಕಾರ ನಾಯಿಯಿಂದ ತಂದದ್ದು ನಿದ್ರೆಯನ್ನು. ಹೊಸ್ತಿಲ ಬಳಿ ಕಣ್ಣು ಮುಚ್ಚಿ ಬಿದ್ದಿದ್ದರೂ ಬೀದಿಯ ತುದಿಯಲ್ಲಿ ಅಪರಿಚಿತನ ಹೆಜ್ಜೆ ಸಪ್ಪಳವಾದರೆ ಕಿವಿ ನಿಮಿರಿಸುವ, ಕರೆದರೆ ಆ ಕ್ಷಣಕ್ಕೆ ಎದ್ದು ನಿಲ್ಲುವ ನಿದ್ರೆ ಅದು. ಬೆಳೆದ ನಾಯಿಯ ಮಟ್ಟಿಗೆ ಈ ಮಾತು ಸುಳ್ಳಲ್ಲ. ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಾಯಿಗಳು ರಾತ್ರಿಯ ವೇಳೆ ಸರಾಸರಿ ಹದಿನಾರು ನಿಮಿಷ ಮಲಗಿ, ಐದು ನಿಮಿಷ ಎಚ್ಚತ್ತು, ಮತ್ತೆ ಮಲಗುತ್ತವೆ ಎಂದು ಕಂಡುಬಂದಿತು. ಮನುಷ್ಯ ರಾತ್ರಿಯೆಲ್ಲ ಒಂದೇ ಹೊದಿಕೆಯಂತೆ ಹೊದ್ದುಕೊಳ್ಳುವ ನಿದ್ದೆಯನ್ನು ನಾಯಿ ತುಂಡು ತುಂಡಾಗಿ ಹೊಲಿದುಕೊಳ್ಳುತ್ತದೆ, ನಮ್ಮ ಕಡೆಯ ಕೌದಿಯ ಹಾಗೆ.

ಆದರೆ ಸುಭಾಷಿತಕಾರ ನಾಯಿಯನ್ನು ನೋಡಿದ್ದನೇ ಹೊರತು ನಾಯಿಮರಿಯನ್ನು ನೋಡಿರಲಿಲ್ಲವೆಂದು ತೋರುತ್ತದೆ. ಮರಿಯ ನಿದ್ದೆಯನ್ನು ವಿದ್ಯಾರ್ಥಿಗೆ ಆದರ್ಶವಾಗಿ ಇಟ್ಟಿದ್ದರೆ ಗುರುಕುಲಗಳು ಮುಚ್ಚಿಹೋಗುತ್ತಿದ್ದವು.

ಗೋಕಾಕ ಜಲಪಾತಕ್ಕಿಂತ ತುಸು ಮೇಲೆ, ಘಟಪ್ರಭೆಯ ಆಸರೆಯಲ್ಲಿರುವ ಊರು ಕೊಣ್ಣೂರ. ಜಲಪಾತದಿಂದ ಧುಮುಕಿದ ಅದೇ ನೀರು ಕೆಳಗೆ ಹರಿದು ಮುಧೋಳವನ್ನು ಮುಟ್ಟುತ್ತದೆ. ಮುಧೋಳವೆಂದರೆ ಸಾಹಿತ್ಯದವರಿಗೆ ರನ್ನನ ಮುದುವೊಳಲು. ನಾಯಿ ಸಾಕುವವರಿಗೆ ಉದ್ದ ಮೋರೆಯ, ಸಣ್ಣ ನಡುವಿನ, ಗಾಳಿಯಂತೆ ಓಡುವ ಬೇಟೆನಾಯಿಯ ನೆಲ. 2005ರ ಜನವರಿಯಲ್ಲಿ ಭಾರತದ ಅಂಚೆ ಇಲಾಖೆಯು ನಾಲ್ಕು ಸ್ವದೇಶಿ ನಾಯಿತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಒಂದು ಮುಧೋಳದ್ದು. 2016ರಲ್ಲಿ ಸೇನೆಯವರು ಈ ತಳಿಯ ಮರಿಗಳನ್ನು ಮೀರತ್‌ನ ತಮ್ಮ ಕೇಂದ್ರಕ್ಕೆ ತರಬೇತಿಗಾಗಿ ಒಯ್ದರು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೇ ಇದೆ. ಹೀಗಿರುವಾಗ ನದಿಯ ಕೆಳದಂಡೆಯ ಮರಿಯೊಂದು ಬುಟ್ಟಿಯಲ್ಲಿ ಕೂತು ಬಸ್ಸಿನಲ್ಲಿ ಮೇಲ್ದಂಡೆಯ ಮನೆಗೆ ಬರುವುದು ಅಚ್ಚರಿಯೇನಲ್ಲ.

ಬಂದ ಮೇಲೆ ಶುರುವಾಗುತ್ತದೆ ನಿರಾಶೆ. ಮೊಲವನ್ನು ಅಟ್ಟಿ ಹಿಡಿಯುವ ಜಾತಿಯೆಂದು ಹಣ ಕೊಟ್ಟು ತಂದದ್ದು. ಅದು ಒಂದು ಬಟ್ಟಲು ಹಾಲುಗಂಜಿ ಕುಡಿದು, ಪಡಸಾಲೆಯಲ್ಲಿ ಎರಡು ಸುತ್ತು ತಿರುಗಿ, ಯಾರದೋ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗಿಬಿಡುತ್ತದೆ. ಒಂದು ತಾಸಿನ ಮೇಲೆ ಏಳುತ್ತದೆ, ಉಚ್ಚೆ ಹೊಯ್ಯುತ್ತದೆ, ಒಂದಿಷ್ಟು ಕುಣಿಯುತ್ತದೆ, ಕುಣಿಯುತ್ತಿದ್ದಲ್ಲೇ ಕುಸಿದು ಮತ್ತೆ ಮಲಗುತ್ತದೆ. ಪಶುವೈದ್ಯ ಮಿತ್ರರೊಬ್ಬರ ಮುಂದೆ ಹಿರಿಯ ರೈತರೊಬ್ಬರು ಇಂಥ ಮರಿಯನ್ನು ಮೇಜಿನ ಮೇಲಿಟ್ಟು ಕೇಳಿದರಂತೆ: “ಡಾಕ್ಟರ ಸಾಹೇಬ್ರ, ಇದು ಬ್ಯಾಟಿ ನಾಯಿನ ಹೌದಲ್ಲರೀ? ಬರೇ ಮಲಗತೈತಲ್ಲರೀ!” ಮರಿ ಆಗಲೂ ಮೇಜಿನ ಮೇಲೆ ಮಲಗಿಯೇ ಇತ್ತಂತೆ.

ಹಾಗಾದರೆ ಎಷ್ಟು ನಿದ್ದೆ ಸಹಜ? ತಾಯಿಯನ್ನು ಬಿಟ್ಟು ಮನೆಗೆ ಬರುವ ಎರಡು ತಿಂಗಳ ಮರಿ ದಿನದ 24 ತಾಸುಗಳಲ್ಲಿ 18ರಿಂದ 20 ತಾಸು ಮಲಗುತ್ತದೆ. ಅಂದರೆ ಎಚ್ಚರವಿರುವುದು ಎಲ್ಲ ಸೇರಿ ನಾಲ್ಕರಿಂದ ಆರು ತಾಸು. ಅದೂ ಅರ್ಧ ತಾಸು, ಮುಕ್ಕಾಲು ತಾಸಿನ ಚೂರುಗಳಲ್ಲಿ. ನಾಲ್ಕೈದು ತಿಂಗಳಾದಾಗ ನಿದ್ದೆ ಹದಿನಾರು ತಾಸಿನ ಆಸುಪಾಸಿಗೆ ಇಳಿಯುತ್ತದೆ. ವರ್ಷ ತುಂಬಿದ ನಾಯಿಗೆ ಹನ್ನೆರಡರಿಂದ ಹದಿನಾಲ್ಕು ತಾಸು ಸಾಕು. ಇವು ಗಡಿಯಾರಕ್ಕೆ ಕಟ್ಟಿದ ಲೆಕ್ಕಗಳಲ್ಲ. ಒಂದೇ ಸೂಲಿನ ಮರಿಗಳಲ್ಲಿಯೂ ಒಂದು ಹೆಚ್ಚು ಮಲಗೀತು, ಇನ್ನೊಂದು ಕಡಿಮೆ. ನಮ್ಮ ಕಡೆಯ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಮನುಷ್ಯರೇ ಮಧ್ಯಾಹ್ನ ಏಳಲಾರರು, ಮರಿಯನ್ನು ದೂರುವುದೇಕೆ?

ಹುಟ್ಟಿದ ಮೊದಲ ವಾರಗಳಲ್ಲಂತೂ ಮರಿಗೆ ನಿದ್ದೆ ಮತ್ತು ಮೊಲೆಹಾಲು ಬಿಟ್ಟರೆ ಮೂರನೆಯ ಲೋಕವಿಲ್ಲ. ಕಣ್ಣು ತೆರೆಯುವುದೇ ಹತ್ತರಿಂದ ಹದಿನಾಲ್ಕನೆಯ ದಿನದ ಹೊತ್ತಿಗೆ. ಕಿವಿ ತೆರೆಯುವುದು ಅದಕ್ಕೂ ತುಸು ಮುಂದೆ. ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯೂ ಆಗ ಇರುವುದಿಲ್ಲ. ಆದ್ದರಿಂದಲೇ ಒಡಹುಟ್ಟಿದವು ಒಂದರ ಮೇಲೊಂದು ರಾಶಿ ಬಿದ್ದು ಮಲಗುತ್ತವೆ. ದಿನದ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ನಿದ್ದೆ. ಆ ನಿದ್ದೆಯಾದರೂ ನಿಶ್ಚಲವೇ? ಅಲ್ಲ. ಕಾಲು ಕೊಡವುತ್ತವೆ, ತುಟಿ ಅದುರಿಸುತ್ತವೆ, ಸಣ್ಣಗೆ ಕುಂಯ್‌ಗುಡುತ್ತವೆ. ಇದನ್ನು ಕಂಡು ಪಿಡ್ಸು ಬಂತೆಂದು ಗಾಬರಿಯಾಗುವವರಿದ್ದಾರೆ. ಮೆದುಳು ಚುರುಕಾಗಿದ್ದು ಮೈ ಮಾತ್ರ ಮಲಗಿರುವ ಒಂದು ಬಗೆಯ ನಿದ್ರೆ ಇದು. ಮನುಷ್ಯರಲ್ಲಿ ಇದನ್ನು ಅಮೆರಿಕದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು 1953ರಲ್ಲಿ ಗುರುತಿಸಿದರು. ಕನಸುಗಳು ವಿಶೇಷವಾಗಿ ಬೀಳುವುದು ಈ ಹೊತ್ತಿನಲ್ಲಿ. ಮರಿಗಳ ನಿದ್ದೆಯಲ್ಲಿ ಇದರದೇ ದೊಡ್ಡ ಪಾಲು. ಕಣ್ಣು ತೆರೆಯದ ಮರಿ ಏನನ್ನು ಕನಸು ಕಂಡೀತು ಎಂಬುದನ್ನು ಕವಿಗಳಿಗೆ ಬಿಡೋಣ. ಆ ಅದುರುವಿಕೆಯಿಂದ ನರಗಳೂ ಸ್ನಾಯುಗಳೂ ಪರಸ್ಪರ ಪರಿಚಯ ಮಾಡಿಕೊಳ್ಳುತ್ತವೆಂಬುದು ಶರೀರಶಾಸ್ತ್ರದವರ ಅಭಿಪ್ರಾಯ. ಇತ್ತ ಗಾಢನಿದ್ರೆಯ ಹೊತ್ತಿನಲ್ಲಿ ಬೆಳವಣಿಗೆಯ ರಸ ರಕ್ತಕ್ಕೆ ಹೆಚ್ಚಾಗಿ ಸೇರುತ್ತದೆ. “ಕೂಸು ಮಲಗಿದಾಗ ಬೆಳೀತೈತಿ, ಎಬ್ಬಿಸಬ್ಯಾಡ್ರೋ” ಎಂದು ಮೊಮ್ಮಕ್ಕಳನ್ನು ಗದರುವ ಅಜ್ಜಿಗೆ ಈ ರಸದ ಹೆಸರು ಗೊತ್ತಿಲ್ಲ, ವಿಷಯ ಗೊತ್ತಿದೆ.

ನಿದ್ದೆ ಮರಿಗೆ ಎಷ್ಟು ಅವಶ್ಯವೆಂಬುದನ್ನು ವಿಜ್ಞಾನ ಕಂಡುಕೊಂಡ ಬಗೆ ಮಾತ್ರ ಕ್ರೂರವಾದದ್ದು. ಮರಿಯಾ ಮನಸೇಯಿನಾ ಎಂಬ ರಷ್ಯದ ಮಹಿಳೆ ನಿದ್ರೆಯ ಕುರಿತು ಮೊದಲು ಪ್ರಯೋಗ ಮಾಡಿದವರಲ್ಲಿ ಒಬ್ಬಳು. 1894ರಲ್ಲಿ ಆಕೆ ತನ್ನ ಪ್ರಯೋಗವೊಂದರ ಫಲವನ್ನು ಲೋಕದ ಮುಂದಿಟ್ಟಳು. ಆಕೆ ಆಯ್ದುಕೊಂಡದ್ದು ಹತ್ತು ನಾಯಿಮರಿಗಳನ್ನು. ಅವುಗಳಿಗೆ ಹೊಟ್ಟೆ ತುಂಬ ಆಹಾರವಿತ್ತು, ಬೆಚ್ಚನೆಯ ಜಾಗವಿತ್ತು, ಆರೈಕೆಯಿತ್ತು. ಮಲಗಲು ಮಾತ್ರ ಬಿಡಲಿಲ್ಲ. ಕಣ್ಣು ಮುಚ್ಚಿದಾಗಲೆಲ್ಲ ಎಬ್ಬಿಸಿದರು, ನಡೆಸಿದರು. ನಾಲ್ಕೈದು ದಿನಗಳಲ್ಲಿ ಹತ್ತೂ ಸತ್ತವು. ಎಳೆಯವು ಮೊದಲು ಹೋದವು. ಅನ್ನವಿಲ್ಲದೆ ಇಪ್ಪತ್ತು ದಿನಕ್ಕೂ ಮೀರಿ ಇದ್ದ ನಾಯಿಯನ್ನು ಮತ್ತೆ ಉಣಿಸಿ ಬದುಕಿಸಬಹುದು. ನಿದ್ದೆಗೆಟ್ಟ ಮರಿಯನ್ನು ಬದುಕಿಸಲಾಗದು ಎಂಬುದು ಆಕೆಯ ತೀರ್ಮಾನ. ಇಂದು ಅಂಥ ಪ್ರಯೋಗಕ್ಕೆ ಯಾರೂ ಒಪ್ಪಲಾರರು, ಒಪ್ಪಲೂಬಾರದು. ಆ ಹತ್ತು ಮರಿಗಳು ಪ್ರಾಣ ತೆತ್ತು ಕಲಿಸಿದ ಪಾಠವನ್ನು ನಾವು ಮರೆತರೆ ಅದು ಎರಡನೆಯ ಕ್ರೌರ್ಯ.

ಇನ್ನೊಂದು ಪ್ರಯೋಗ ಇದಕ್ಕಿಂತ ಸೌಮ್ಯವಾದದ್ದು, ತುಸು ವಿನೋದದ್ದೂ ಹೌದು. ಹಂಗೇರಿಯ ಬುಡಾಪೆಸ್ಟ್ ನಗರದ ವಿಜ್ಞಾನಿಗಳು, ಮನೆಮಾತಿನಲ್ಲಿ ‘ಕೂಡು’, ‘ಮಲಗು’ ಎಂಬ ಆಜ್ಞೆಗಳನ್ನು ಬಲ್ಲ ನಾಯಿಗಳಿಗೆ ಅವನ್ನೇ ಇಂಗ್ಲಿಷಿನಲ್ಲಿ ಕಲಿಸಿದರು. ಆಮೇಲೆ ಮಲಗಲು ಬಿಟ್ಟು, ತಲೆಗೆ ನೋವಾಗದಂತೆ ತಂತಿಗಳನ್ನು ಅಂಟಿಸಿ ಮೆದುಳಿನ ಅಲೆಗಳನ್ನು ಬರೆದುಕೊಂಡರು. ಮಲಗಿ ಎದ್ದ ನಾಯಿಗಳು ಇಂಗ್ಲಿಷನ್ನು ಮುಂಚಿಗಿಂತ ಚೆನ್ನಾಗಿ ತಿಳಿದುಕೊಂಡವು. 2017ರಲ್ಲಿ ಪ್ರಕಟವಾದ ಸಂಗತಿ ಇದು. ಮರಿಗೆ ಹೆಸರು ಹಿಡಿದು ಕರೆದರೆ ಬರುವುದನ್ನು ಕಲಿಸುವವರು ಪಾಠ ಮುಗಿದೊಡನೆ ಅದನ್ನು ಮಲಗಲು ಬಿಟ್ಟರೆ ಪಾಠ ಕೆಡುವುದಿಲ್ಲ, ಕೂಡಿಕೊಳ್ಳುತ್ತದೆ.

ಆದರೆ ನಮ್ಮ ಮನೆಗಳಲ್ಲಿ ಆಗುವುದೇನು? ಹೊಸ ಮರಿ ಬಂದ ಸುದ್ದಿ ಓಣಿಗೆಲ್ಲ ಹರಡುತ್ತದೆ. ಶಾಲೆ ಬಿಟ್ಟ ಮಕ್ಕಳು ಪಾಟಿಚೀಲವನ್ನೂ ಇಳಿಸದೆ ಬರುತ್ತಾರೆ. ಒಬ್ಬ ಎತ್ತಿಕೊಳ್ಳುತ್ತಾನೆ, ಇನ್ನೊಬ್ಬಳು ಬಾಲ ಹಿಡಿಯುತ್ತಾಳೆ, ಮತ್ತೊಬ್ಬನಿಗೆ ಅದು ಓಡುವುದನ್ನು ನೋಡಬೇಕಾಗಿದೆ. ಸಂಜೆಯಾಗುವಷ್ಟರಲ್ಲಿ ಮರಿ ಕಚ್ಚತೊಡಗುತ್ತದೆ. ಕೈ, ಧೋತರದ ಅಂಚು, ಸೀರೆಯ ನೆರಿಗೆ, ಸಿಕ್ಕಿದ್ದನ್ನೆಲ್ಲ ಹಿಡಿದು ಎಳೆಯುತ್ತದೆ. ಮನೆಯವರು ಇದನ್ನು ಸೊಕ್ಕು ಎನ್ನುತ್ತಾರೆ, ಎರಡು ಏಟು ಹಾಕುತ್ತಾರೆ. ಅದು ಬಹುಮಟ್ಟಿಗೆ ಸೊಕ್ಕಲ್ಲ, ನಿದ್ದೆಗೇಡು. ತೊಟ್ಟಿಲ ಕೂಸು ನಿದ್ದೆ ಸಾಲದೆ ರಚ್ಚೆ ಹಿಡಿಯುವುದನ್ನು ಬಲ್ಲ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಣ್ಣೂರಿನಂಥ ಊರಿಗಂತೂ ಹೇಳಲೇಬೇಕಾಗಿಲ್ಲ. ಗೋಕಾಕ ಫಾಲ್ಸಿನ ಗಿರಣಿಯ ಭೋಂಗಾ ಕೇಳಿ ಬೆಳೆದ ಊರು ಅದು. ರಾತ್ರಿಪಾಳಿ ಮುಗಿಸಿ ಬಂದ ಅಪ್ಪ ಹಗಲು ಮಲಗಿದ್ದರೆ ಮನೆಯ ಮಕ್ಕಳು ಉಗುರ ತುದಿಯಲ್ಲಿ ನಡೆಯಬೇಕಾಗಿತ್ತು. ಹಿತ್ತಲಲ್ಲಿ ಪಾತ್ರೆ ಬಿದ್ದರೆ ತಾಯಿ ನಾಲಗೆ ಕಚ್ಚಿಕೊಳ್ಳುತ್ತಿದ್ದಳು. ಹಗಲು ಮಲಗುವವನೆಲ್ಲ ಸೋಮಾರಿಯಲ್ಲ ಎಂಬುದನ್ನು ಗಿರಣಿಯ ಊರುಗಳು ಬಹಳ ಹಿಂದೆಯೇ ಕಲಿತಿದ್ದವು. ಮರಿಗೂ ಅಷ್ಟೇ ಮರ್ಯಾದೆ ಸಾಕು. ಜನ ಓಡಾಡದ ಒಂದು ಮೂಲೆ, ಗೋಣಿತಟ್ಟಿನ ಮೇಲೆ ಮಡಿಸಿದ ಹಳೆಯ ಕೌದಿ. ಮುಧೋಳದ ಮರಿಗಾದರೆ ಕೂದಲು ಮೋಟು, ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ. ಚಳಿಗಾಲದ ಬೆಳಗಿನ ಜಾವದಲ್ಲಿ ಬರಿಗಲ್ಲಿನ ನೆಲ ಅದಕ್ಕೆ ಹಿತವಲ್ಲ.

ಮೊದಲ ರಾತ್ರಿಗಳ ಅಳು ಬೇರೆಯೇ ಮಾತು. ಹಗಲೆಲ್ಲ ಮಲಗಿದ್ದು ರಾತ್ರಿ ಅರಚುವ ಮರಿಯನ್ನು ಅಂಗಳಕ್ಕೆ ಹಾಕಿ ಕದವಿಕ್ಕುವುದು ನಮ್ಮಲ್ಲಿ ರೂಢಿ. ನಿನ್ನೆಯವರೆಗೆ ಆರೇಳು ಮೈಗಳ ಬಿಸಿಯಲ್ಲಿ ಮಲಗಿದ್ದ ಜೀವ ಅದು. ಒಂಟಿಯಾಗಿ ಮಲಗುವುದು ಅದಕ್ಕೆ ಹೊಸ ವಿದ್ಯೆ. ಮೊದಲ ಕೆಲವು ರಾತ್ರಿ ಯಾರಾದರೂ ಮಲಗುವ ಕೋಣೆಯಲ್ಲಿಯೇ ಅದರ ಹಾಸಿಗೆಯಿದ್ದರೆ ಅಳು ಬೇಗ ನಿಲ್ಲುತ್ತದೆ. ಎರಡು ತಿಂಗಳ ಮರಿ ಎರಡು-ಮೂರು ತಾಸಿಗಿಂತ ಹೆಚ್ಚು ಹೊತ್ತು ಮೂತ್ರ ತಡೆಯಲಾರದು. ನಡುರಾತ್ರಿ ಒಮ್ಮೆಯಾದರೂ ಎದ್ದು ಅದನ್ನು ಹೊರಗೆ ಒಯ್ಯಬೇಕು, ಮಾತನಾಡಿಸದೆ, ಆಡಿಸದೆ ತಂದು ಮಲಗಿಸಬೇಕು. ಮಾತನಾಡಿಸಿದಿರೋ, ಬೆಳಗಿನವರೆಗೆ ನಿಮಗೂ ನಿದ್ದೆಯಿಲ್ಲ.

ಇಷ್ಟು ಹೇಳಿದ ಮೇಲೆ ಇದರ ಎದುರುಪಕ್ಷವನ್ನೂ ಹೇಳದಿದ್ದರೆ ಅಪಾಯ. ‘ಮರಿ ಮಲಗುವುದು ಸಹಜ’ ಎಂಬ ಮಾತನ್ನೇ ನಂಬಿ ಮರಿಯನ್ನು ಕಳೆದುಕೊಂಡ ಮನೆಗಳೂ ಇವೆ. ನನಗೆ ಪರಿಚಯದ ಕುಟುಂಬವೊಂದರಲ್ಲಿ ಹತ್ತು ವಾರದ ಮರಿ ಒಂದು ದಿನ ಬೆಳಗ್ಗೆ ಹಾಲಿಗೆ ಏಳಲಿಲ್ಲ. ಮಲಗಲಿ, ಎಳೆಯದು ಎಂದರು. ಸಂಜೆ ಒಮ್ಮೆ ಕಕ್ಕಿತು. ಹಾಲು ದಕ್ಕಿಲ್ಲ ಎಂದರು. ಮರುದಿನ ಮಲದಲ್ಲಿ ರಕ್ತ ಕಂಡು ವೈದ್ಯರಲ್ಲಿಗೆ ಒಯ್ಯುವಷ್ಟರಲ್ಲಿ ಅದರ ಕಣ್ಣು ಒಳಸರಿದಿತ್ತು. ಆ ಮನೆಯ ಹುಡುಗಿ ಆಮೇಲೆ ಬಹಳ ದಿನ ಆ ಗೋಣಿತಟ್ಟನ್ನು ತೆಗೆಯಗೊಡಲಿಲ್ಲ.

ಅದು ಪಾರ್ವೋ ಎಂಬ ವಿಷಾಣುವಿನ ರೋಗ. 1978ರ ಸುಮಾರಿಗೆ ಮೊದಲು ಕಾಣಿಸಿಕೊಂಡು ಒಂದೆರಡು ವರ್ಷಗಳಲ್ಲಿ ಭೂಗೋಳವನ್ನೆಲ್ಲ ಸುತ್ತಿತು. ಕರುಳನ್ನು ಹಿಡಿಯುತ್ತದೆ, ಎಳೆಯ ಮರಿಗಳನ್ನು ಎರಡು-ಮೂರು ದಿನಗಳಲ್ಲಿಯೇ ಮುಗಿಸಬಲ್ಲದು. ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುವುದರಿಂದ, ಒಂದು ಮರಿ ಸತ್ತ ಅಂಗಳಕ್ಕೆ ಕೂಡಲೇ ಇನ್ನೊಂದನ್ನು ತರುವುದು ಅದನ್ನೂ ಸಾವಿಗೆ ಒಪ್ಪಿಸಿದಂತೆ. ಈ ರೋಗದ ಮೊದಲ ಲಕ್ಷಣ ಹೆಚ್ಚಾಗಿ ಮಂಕು. ಅದು ನೋಡುವವರಿಗೆ ನಿದ್ದೆಯ ಹಾಗೆಯೇ ಕಾಣುತ್ತದೆ.

ಹಾಗಾದರೆ ನಿದ್ದೆಯನ್ನೂ ಮಂಕನ್ನೂ ಬೇರೆ ಮಾಡುವುದು ಹೇಗೆ? ತಾಸುಗಳನ್ನು ಎಣಿಸಿ ಅಲ್ಲ. ಮರಿ ಎದ್ದಾಗ ಹೇಗಿದೆ ಎಂದು ನೋಡಬೇಕು. ಆರೋಗ್ಯದ ಮರಿ ಇಪ್ಪತ್ತು ತಾಸು ಮಲಗಿದರೂ ಎಚ್ಚರದ ನಾಲ್ಕು ತಾಸು ಪೂರ್ತಿ ಎಚ್ಚರ: ಬಟ್ಟಲಿನ ಸಪ್ಪಳಕ್ಕೆ ಓಡಿಬರುತ್ತದೆ, ಬಾಲ ಆಡಿಸುತ್ತದೆ, ಚಪ್ಪಲಿ ಕದಿಯುತ್ತದೆ. ಮಂಕಾದ ಮರಿ ಎದ್ದರೂ ಎದ್ದಂತಿರುವುದಿಲ್ಲ. ಅನ್ನ ಮೂಸಿ ಮುಖ ತಿರುಗಿಸುತ್ತದೆ, ತಲೆ ಬಾಗಿಸಿ ನಿಲ್ಲುತ್ತದೆ. ಅದರ ತುಟಿ ಎತ್ತಿ ವಸಡು ನೋಡಿ; ತಿಳಿಗೆಂಪಿರಬೇಕಾದದ್ದು ಬೆಳ್ಳಗಾಗಿದ್ದರೆ ಕರುಳಿನ ಕೊಕ್ಕೆಹುಳುಗಳೋ ಮೈಯ ಉಣ್ಣೆಗಳೋ ರಕ್ತ ಹೀರುತ್ತಿರಬಹುದು, ಇಲ್ಲವೆ ಉಣ್ಣೆ ತಂದ ಜ್ವರವಿರಬಹುದು. ಒಂದು ಹೊತ್ತು ಊಟ ಬಿಟ್ಟು ಮಲಗಿದ ಮರಿಯನ್ನು ಕಣ್ಣಿಟ್ಟು ಕಾಯಬೇಕು. ಎರಡನೆಯ ಹೊತ್ತೂ ಬಿಟ್ಟರೆ, ಅಥವಾ ವಾಂತಿ-ಭೇದಿ ಜೊತೆಗೂಡಿದರೆ, ನಾಳೆಯವರೆಗೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಆರೆಂಟು ವಾರದಲ್ಲಿ ಪಾರ್ವೋ ಮೊದಲಾದವುಗಳ ಲಸಿಕೆ, ಹದಿನಾರು ವಾರ ತುಂಬುವವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ ಅದರ ಪುನರಾವರ್ತನೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ನಡುನಡುವೆ ಜಂತುಹುಳದ ಔಷಧ: ಇಷ್ಟಾದ ಮನೆಯಲ್ಲಿ ಮಲಗಿದ ಮರಿಯನ್ನು ನೋಡಿ ಹೆದರುವ ಪ್ರಸಂಗ ಅಪರೂಪ.

ನಾಯಿಯ ಶೌರ್ಯವನ್ನು ಕನ್ನಡ ನಾಡು ಕಲ್ಲಿನಲ್ಲಿ ಬರೆದಿಟ್ಟಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದು, ವಿದ್ವಾಂಸರ ಎಣಿಕೆಯಂತೆ ನಮ್ಮ ರನ್ನ ಹುಟ್ಟಿದ್ದೂ ಅದೇ 949ರಲ್ಲಿ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗರ ಬೂತುಗನು ಏನು ಬೇಕೆಂದು ಕೇಳಿದಾಗ ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಆ ಕಾಳಗವನ್ನು ಕೆತ್ತಿದ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯೂ ಎರಡು ತಿಂಗಳ ಮರಿಯಾಗಿದ್ದಾಗ ಯಾರದೋ ಮನೆಯ ಮೂಲೆಯಲ್ಲಿ ದಿನಕ್ಕೆ ಹತ್ತೊಂಬತ್ತು ತಾಸು ಮಲಗಿರಬೇಕು. ಶಾಸನ ಕೆತ್ತಿದವನು ಅದನ್ನು ಬರೆಯಲಿಲ್ಲ. ಬರೆಯುವಂಥದೆಂದು ಅವನಿಗೆ ತೋರಲಿಲ್ಲ.

ಏಳೆಂಟು ವರ್ಷ ದಾಟಿದ ನಾಯಿ ಮತ್ತೆ ಹೆಚ್ಚು ಮಲಗತೊಡಗುತ್ತದೆ. ಆ ನಿದ್ದೆಯ ಕಾರಣಗಳು ಬೇರೆ, ಅದಕ್ಕೆ ಬೇಕಾದ ಆರೈಕೆಯೂ ಬೇರೆ.