ಬಚ್ಚಲ ನೀರೂ ಹಿತ್ತಲ ತೋಟವೂ

(ಗ್ರಾಮಸ್ಥರ ಸಭೆಯ ಉಪನ್ಯಾಸ)



ಬೇಸಗೆ ಬಂದಿತೆಂದರೆ ಬಯಲುಸೀಮೆಯ ಗ್ರಾಮಗಳಲ್ಲಿ ನೀರಿನ ವಿಚಾರವೇ ಉಳಿದೆಲ್ಲಕ್ಕಿಂತ ದೊಡ್ಡ ವಿಚಾರವಾಗುವುದು. ಆರು ಮಂದಿ ಇರುವ ಮನೆಯಲ್ಲಿ ಒಬ್ಬೊಬ್ಬರು ಸ್ನಾನಕ್ಕೆ 2 ಕೊಡ ನೀರನ್ನು ಉಪಯೋಗಿಸಿದರೆ ದಿನಕ್ಕೆ 12 ಕೊಡಗಳಾದುವು. ಕೊಡಕ್ಕೆ 15 ಲೀಟರಿನಂತೆ 180 ಲೀಟರು. ನೀರು ದೂರವಿರುವ ಊರುಗಳಲ್ಲಿ ಇಷ್ಟನ್ನೂ ಹೆಂಗಸರು ಹೊತ್ತು ತರುವರು. ಹೊತ್ತು ಏರುವುದರೊಳಗಾಗಿ ಅದೆಲ್ಲವೂ ಬಚ್ಚಲ ತೂಬಿನಿಂದ ಬೀದಿಗೆ ಹರಿದುಹೋಗುವುದು. ಅದೇ ಮನೆಯ ಹಿತ್ತಲಲ್ಲಿ ತೆಂಗಿನ ಸಸಿಯು ನೀರು ಕಾಣದೆ ಒಣಗುತ್ತಿರುವುದು.

ಹೀಗೆ ಬೀದಿಗೆ ಬಿಟ್ಟ ನೀರು ಸುಮ್ಮನೆ ನಷ್ಟವಾಗುವುದು ಮಾತ್ರವಲ್ಲ, ಕೇಡನ್ನೂ ಮಾಡುವುದು. ಒಬ್ಬರ ಬಚ್ಚಲ ಕೊಚ್ಚೆ ಮತ್ತೊಬ್ಬರ ಬಾಗಿಲ ಮುಂದೆ ನಿಂತು, ಅದರಿಂದ ಹುಟ್ಟಿದ ವ್ಯಾಜ್ಯಗಳು ಊರ ಹಿರಿಯರ ಮುಂದೆ ಬರುವುದುಂಟು. ನಿಂತ ಕೊಳೆನೀರಿನಲ್ಲಿ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳು ಮೊಟ್ಟೆಯಿಡುತ್ತವೆ. ಬೆಚ್ಚನೆಯ ಕಾಲದಲ್ಲಿ ಸುಮಾರು ಒಂದು ವಾರದೊಳಗೆ ಅವು ಸೊಳ್ಳೆಗಳಾಗಿ ಹೊರಡುತ್ತವೆ. ಆನೆಕಾಲು ರೋಗವನ್ನು ಹರಡುವುದು ಈ ಜಾತಿಯೇ. ಆ ರೋಗದ ಹುಳುವು ಸೊಳ್ಳೆಯ ಶರೀರದಲ್ಲಿ ಬೆಳೆಯುವುದೆಂಬುದನ್ನು ಪ್ಯಾಟ್ರಿಕ್ ಮ್ಯಾನ್‌ಸನ್ ಎಂಬ ವೈದ್ಯರು 1877ರಲ್ಲಿ ಚೀನಾದೇಶದ ಅಮಾಯ್ ಪಟ್ಟಣದಲ್ಲಿ ಕಂಡುಹಿಡಿದರು.

ಈ ನೀರನ್ನೇ ಹಿತ್ತಲಿಗೆ ತಿರುಗಿಸಿದರೆ ಆಗುವ ಲಾಭವನ್ನು ಲೆಕ್ಕಹಾಕಿ ನೋಡಬಹುದು. ಕಡುಬೇಸಗೆಯಲ್ಲಿ ಫಲ ಬಿಡುವ ತೆಂಗಿನ ಮರಕ್ಕೆ ದಿನಕ್ಕೆ ಸುಮಾರು 50 ಲೀಟರು, ಬಾಳೆಯ ಗಿಡಕ್ಕೆ ಸುಮಾರು 25 ಲೀಟರು ನೀರು ಸಾಕಾಗುವುದು. ಆದಕಾರಣ ಮೇಲೆ ಹೇಳಿದ 180 ಲೀಟರಿನಲ್ಲಿ 2 ತೆಂಗಿನ ಮರಗಳನ್ನೂ 3 ಬಾಳೆಗಳನ್ನೂ ಬಾವಿಯಿಂದ ಒಂದು ಕೊಡವನ್ನೂ ಹೆಚ್ಚಾಗಿ ಸೇದದೆ ಬೇಸಗೆ ದಾಟಿಸಬಹುದು. ಬಚ್ಚಲ ಬಳಿಯಲ್ಲಿ ಬಾಳೆಯನ್ನೂ ಕೆಸುವನ್ನೂ ಬೆಳೆಸುವುದು ಹಿಂದಿನವರಿಗೂ ತಿಳಿದಿದ್ದ ಪದ್ಧತಿಯೇ. ಮೈಲಿಗೆಯ ನೀರೆಂದು ಸಂಕೋಚಪಡುವವರು, ಅಂತಹ ಬಾಳೆಯ ಎಲೆಯಲ್ಲಿಯೇ ಹಬ್ಬದ ಊಟ ನಡೆಯುತ್ತಿದ್ದುದನ್ನು ನೆನೆಯಬೇಕು.

ಇದಕ್ಕೆ ಬೇಕಾದ ಏರ್ಪಾಡು ಅತ್ಯಲ್ಪ. ಬಚ್ಚಲ ತೂಬಿನ ಮುಂದೆ 2 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳದ ತೊಟ್ಟಿಯನ್ನು ಕಟ್ಟಿ, ನೀರು ಹೊರಡಲು ಅದರ ಬುಡದಲ್ಲಿ ಒಂದು ಕಂಡಿಯನ್ನಿಟ್ಟು, ಕೆಳಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಎಲ್ಲಕ್ಕೂ ಮೇಲೆ ದಪ್ಪ ಮರಳನ್ನು ತುಂಬತಕ್ಕದ್ದು. ತಲೆಗೂದಲು, ಜಿಡ್ಡು ಮುಂತಾದುವನ್ನು ತಡೆಯಲು ಮೇಲೆ ಒಂದು ಹಿಡಿ ತೆಂಗಿನ ನಾರನ್ನು ಹರಡಿ, ವಾರಕ್ಕೊಮ್ಮೆ ಅದನ್ನು ತೆಗೆದು ಹೂಳಿ ಹೊಸ ನಾರನ್ನು ಹಾಕಬೇಕು. ತೊಟ್ಟಿಯಿಂದ ಹೊರಡುವ ಕಾಲುವೆಗೆ 4 ಅಡಿಗೆ 1 ಅಂಗುಲದಂತೆ ಇಳಿಜಾರಿದ್ದರೆ ನೀರು ನಿಲ್ಲದೆ ಸಾಗುವುದು. ಗಿಡದ ಸುತ್ತ ಪಾತಿಯನ್ನು ಮಾಡಿ ತರಗೆಲೆಯನ್ನು ಮುಚ್ಚಿದರೆ ತೇವವು ಬೇಗನೆ ಆರದು. ಪಾತಿಗಳನ್ನು ಎರಡು ಭಾಗವಾಗಿ ಮಾಡಿ, ಒಂದು ದಿನ ಒಂದಕ್ಕೂ ಮರುದಿನ ಇನ್ನೊಂದಕ್ಕೂ ನೀರನ್ನು ತಿರುಗಿಸುವುದು ಉತ್ತಮ. ಈ ನೀರನ್ನು ಒಂದು ದಿನಕ್ಕಿಂತ ಹೆಚ್ಚಾಗಿ ಕೂಡಿಡಬಾರದು. ಕೂಡಿಟ್ಟರೆ ಕೊಳೆತು ನಾರುವುದು.

ಸಾಬೂನಿನ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಅಗಸರು ಬಟ್ಟೆಗೆ ಉಪಯೋಗಿಸುತ್ತಿದ್ದ ಚೌಳುಮಣ್ಣು ಕೊಳೆಯನ್ನು ಚೆನ್ನಾಗಿ ತೆಗೆಯುವುದು; ಆದರೆ ಅದೇ ಚೌಳು ಏರಿದ ಹೊಲದಲ್ಲಿ ಪೈರು ಏಳುವುದಿಲ್ಲವೆಂಬುದು ರೈತರಿಗೆಲ್ಲ ತಿಳಿದಿದೆ. ಎರಡಕ್ಕೂ ಕಾರಣವಾದುದು ಸೋಡಿಯಂ ಎಂಬ ಧಾತುವಿನ ಲವಣ. ಸಾಬೂನಿನಲ್ಲಿಯೂ ಬಟ್ಟೆಯ ಸೋಡದಲ್ಲಿಯೂ ಇರುವುದು ಈ ಧಾತುವೇ. ಮೈಸಾಬೂನಿನ ಅಲ್ಪಾಂಶವನ್ನು ಭೂಮಿಯು ತಾಳಿಕೊಳ್ಳುವುದು. ಸೋಡದ ನೀರನ್ನು ಮಾತ್ರ ಹಿತ್ತಲಿಗೆ ಬಿಡಕೂಡದು. ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟುಗಳಿಂದ ಈ ಭಯವಿಲ್ಲ. ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟಿದರೆ, ನೀರು ಇಂಗದೆ ನಿಂತರೆ, ಎಲೆಯ ಅಂಚು ಸುಟ್ಟಂತೆ ಕಂಡರೆ ಆ ಪಾತಿಗೆ ಬಚ್ಚಲ ನೀರನ್ನು ನಿಲ್ಲಿಸಿ ಒಳ್ಳೆಯ ನೀರನ್ನು ಹಾಯಿಸಬೇಕು.

ಇನ್ನು ವರ್ಜಿಸತಕ್ಕ ವಿಷಯಗಳು: ಪಾಯಿಖಾನೆಯ ನೀರನ್ನಾಗಲಿ, ಕೂಸುಗಳ ಮಲದ ಬಟ್ಟೆಯನ್ನೂ ರೋಗಿಗಳ ಬಟ್ಟೆಯನ್ನೂ ಒಗೆದ ನೀರನ್ನಾಗಲಿ ಇದರೊಡನೆ ಸೇರಿಸಕೂಡದು. ಕೊತ್ತಂಬರಿ, ಮೂಲಂಗಿ ಮುಂತಾಗಿ ಹಸಿಯಾಗಿ ತಿನ್ನುವ ಪದಾರ್ಥಗಳಿಗೆ ಹಾಯಿಸಕೂಡದು. ಕುಡಿಯುವ ನೀರಿನ ಬಾವಿಯಿಂದ 50 ಅಡಿಯೊಳಗೆ ಇದನ್ನು ಇಂಗಿಸಕೂಡದು. ಮಳೆಗಾಲದಲ್ಲಿ ಪಾತಿಗಳಿಗೆ ನೀರು ಬೇಡವಾದಾಗ, ಬಾವಿಯಿಂದ ಅಷ್ಟೇ ದೂರದಲ್ಲಿ ಕಲ್ಲು ತುಂಬಿದ ಇಂಗುಗುಂಡಿಗೆ ಬಿಡತಕ್ಕದ್ದು.

ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರ ಜಿಲ್ಲೆಯ ಕೆರೆಗಳಿಗೆ, ಬೆಂಗಳೂರು ನಗರದವರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಹರಿಸುವ ಕಾರ್ಯವು 2018ರಲ್ಲಿ ಆರಂಭವಾಯಿತು. ಪಟ್ಟಣದ ಆ ನೀರಿನಲ್ಲಿ ಎಲ್ಲ ಬಗೆಯ ಕಶ್ಮಲವೂ ಕೂಡಿರುವುದರಿಂದ ಅದಕ್ಕೆ ಯಂತ್ರಗಳೂ ದೊಡ್ಡ ಕೊಳವೆಗಳೂ ಬೇಕಾದುವು. ಮನೆಯ ಬಚ್ಚಲ ನೀರಿಗಾದರೋ ಒಂದು ಗುದ್ದಲಿ, ಕೆಲವು ಮಂಕರಿ ಕಲ್ಲುಮರಳು, ಒಂದು ದಿನದ ಕೆಲಸ ಇಷ್ಟೇ ಸಾಕು.

ಊರಿನ ಮುಖಂಡರು ಇತರರಿಗೆ ಹೇಳುವುದಕ್ಕೆ ಮೊದಲು ತಮ್ಮ ಮನೆಯ ತೂಬನ್ನೇ ಹಿತ್ತಲಿಗೆ ತಿರುಗಿಸಬೇಕು. ಹಿತ್ತಲಿಲ್ಲದ ಬಡವರ ಬಚ್ಚಲ ನೀರನ್ನು, ನೆರೆಯ ಭೂಮಾಲೀಕರು ಒಪ್ಪಿ ತಮ್ಮ ತೋಟಕ್ಕೆ ಬಿಡಿಸಿಕೊಂಡರೆ ಇಬ್ಬರಿಗೂ ಹಿತ. ಹಾಗಾದಲ್ಲಿ ಬೀದಿಯ ಕೊಚ್ಚೆಯೂ ಅದರ ವ್ಯಾಜ್ಯವೂ ಕಡಮೆಯಾಗಿ, ಹೆಂಗಸರು ತಲೆಯ ಮೇಲೆ ಹೊತ್ತು ತಂದ ಒಂದೊಂದು ಕೊಡವೂ ಎರಡು ಸಲ ಉಪಯೋಗಕ್ಕೆ ಬರುವುದು.