ಮತದ ಲೆಕ್ಕ, ತರಗತಿಯ ಲೆಕ್ಕ

(ಗಡಿನಾಡ ಯುವಜನರ ಕೂಟದಲ್ಲಿ ಕಾಸರಗೋಡಿನ ನಿವೃತ್ತ ಕನ್ನಡ ಪ್ರಾಧ್ಯಾಪಕರೊಬ್ಬರು ಆಡಿದ ಮಾತು)

ಪಾಠ ಮಾಡಿದವನಿಗೆ ರಾಜಕೀಯದ ಮಾತು ಯಾಕೆ ಅಂತ ನೀವು ಕೇಳಬಹುದು. ಸರ್ಕಾರಿ ಕಾಲೇಜಿನ ನೌಕರನಾಗಿ ನಾನು ಯಾವ ಪಕ್ಷದ ವೇದಿಕೆಯನ್ನೂ ಹತ್ತುವ ಹಾಗಿರಲಿಲ್ಲ. ಆದರೆ ಇಲೆಕ್ಷನ್ ಡ್ಯೂಟಿ ತಪ್ಪಿದ್ದಿಲ್ಲ. ಸಂಜೆ ಯಂತ್ರಕ್ಕೆ ಸೀಲ್ ಹಾಕಿ, ಎಷ್ಟು ಮತ ಬಿತ್ತು ಅಂತ ಫಾರಂ ತುಂಬಿಸಿ ಕೊಡ್ತಿದ್ದೆ. ಕಾಲೇಜು ತೆರೆದರೆ ಇನ್ನೊಂದು ಲೆಕ್ಕ: ಕನ್ನಡ ತೆಗೆದುಕೊಂಡ ಮಕ್ಕಳು ಎಷ್ಟು, ವಾರಕ್ಕೆ ಎಷ್ಟು ಗಂಟೆ ಪಾಠ? ಮೊದಲನೆಯ ಲೆಕ್ಕ ಶಾಸಕರನ್ನು ಆರಿಸ್ತದೆ. ಎರಡನೆಯದ್ದು ಕನ್ನಡದ ಹುದ್ದೆ ಉಳೀತದಾ ಇಲ್ವಾ ಅಂತ ತೀರ್ಮಾನಿಸ್ತದೆ. ನಮ್ಮವರು ಮೊದಲನೆಯದ್ದನ್ನು ರಾತ್ರಿಯಿಡೀ ಚರ್ಚೆ ಮಾಡ್ತಾರೆ. ಎರಡನೆಯದ್ದು ಯಾರಿಗೂ ಬೇಡ.

ಚುನಾವಣೆಯ ಬಲ ನಮಗೆ ಗೊತ್ತಿಲ್ಲದ್ದಲ್ಲ. 1957ರಲ್ಲಿ, ಕೇರಳದ ಮೊದಲ ವಿಧಾನಸಭೆಗೆ, ಮಂಜೇಶ್ವರದಿಂದ ಉಮೇಶ ರಾಯರು ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿ, 1967ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು. ಆಗಿನ ಬೇಡಿಕೆ ಒಂದೇ, ವಿಲೀನ. ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಮಹಾಜನ ವರದಿಯೂ ಹೇಳಿತು. ಆಗಲಿಲ್ಲ. ಆ ದೊಡ್ಡ ಬೇಡಿಕೆಯ ನೆರಳಲ್ಲಿ ಸಣ್ಣದನ್ನು ಪಟ್ಟು ಹಿಡಿದು ಕೇಳುವ ಅಭ್ಯಾಸ ನಮಗೆ ಬೆಳೆಯಲೇ ಇಲ್ಲ. ನನ್ನನ್ನೂ ಸೇರಿಸಿಯೇ ಹೇಳ್ತಿದ್ದೇನೆ.

2016ರ ಒಂದು ಸಂಗತಿ ಹೇಳ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ನೆಟ್ ಪಾಸಾದವ, ಒಂದು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್. ಮಾರ್ಚಿಗೆ ಕೆಲಸ ಮುಗೀತದೆ, ರಜೆಯಲ್ಲಿ ಸಂಬಳ ಇಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಅವ ಮನೆಮನೆಗೆ ಚುನಾವಣೆಯ ಚೀಟಿ ಹಂಚುತ್ತಿದ್ದ. ಮಂಜೇಶ್ವರದಲ್ಲಿ ಆ ಸಲ ಗೆಲುವಿನ ಅಂತರ ಬರೇ 89 ಮತ. ಆಮೇಲೆ ಸಿಕ್ಕಾಗ ಕೇಳಿದೆ: "ಕನ್ನಡದ ಖಾಲಿ ಹುದ್ದೆ ಬಗ್ಗೆ ನಿನ್ನ ಅಭ್ಯರ್ಥಿ ಹತ್ರ ಒಂದು ಮಾತು ಕೇಳಿದ್ಯಾ?"

ಅವ ತಲೆ ತಗ್ಗಿಸಿದ. "ಅದನ್ನೆಲ್ಲ ಹೇಗೆ ಕೇಳುದು ಸರ್? ಸ್ವಾರ್ಥ ಅಂತ ಆಗ್ತದಲ್ಲಾ."

ಆ ಉತ್ತರ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. 89 ಅಂದ್ರೆ ಎರಡು ತರಗತಿಯ ಮಕ್ಕಳು, ಅಷ್ಟೆ. ಅಂಥ ಕಡೆ ನಮ್ಮ ಹುಡುಗರಿಗೆ ಕೇಳ್ಲಿಕ್ಕೆ ನಾಚಿಕೆ!

2021ರಲ್ಲಿ ಅಂತರ 745. ಗೆದ್ದ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಸಂತೋಷ. ಆದರೆ ಪ್ರಮಾಣವಚನ ಒಂದು ನಿಮಿಷದ್ದು, ಪಾಠ ವರ್ಷವಿಡೀ ನಡೀಬೇಕು. ಕಾಲೇಜಿನಲ್ಲಿ ಒಂದು ಹುದ್ದೆಗೆ ವಾರಕ್ಕೆ 16 ಗಂಟೆಯ ಪಾಠ ಬೇಕು ಅಂತ ನಿಯಮ. ಗಂಟೆ ಕಡಿಮೆಯಾದರೆ ಹುದ್ದೆ ಹೋಗ್ತದೆ. ಹುದ್ದೆ ಹೋದರೆ "ಅಲ್ಲಿ ಕನ್ನಡಕ್ಕೆ ಅಧ್ಯಾಪಕರೇ ಇಲ್ಲ" ಅಂತ ಮಕ್ಕಳು ಬೇರೆ ಭಾಷೆ ತೆಗೆದುಕೊಳ್ತಾರೆ. ಆಗ ಗಂಟೆ ಇನ್ನೂ ಕಡಿಮೆ. ಶಾಲೆಗಳ ಕತೆಯೂ ನಿಮಗೆ ಗೊತ್ತುಂಟು: ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದು, ಮಕ್ಕಳೂ ಪೋಷಕರೂ ಪ್ರತಿಭಟನೆಗೆ ಕೂರಬೇಕಾಯಿತು.

ಹಾಗಾದರೆ ಏನು ಮಾಡುವಾ? ಯಾವ ಪಕ್ಷಕ್ಕೆ ಮತ ಹಾಕಬೇಕು ಅಂತ ನಾನು ಹೇಳುವುದಿಲ್ಲ, ಅದು ನಿಮ್ಮಿಷ್ಟ. ಚೀಟಿ ಹಂಚುವ ಮೊದಲು ಕೇಳಿ: ನಮ್ಮ ಶಾಲೆ, ಕಾಲೇಜಿನಲ್ಲಿ ಕನ್ನಡದ ಹುದ್ದೆ ಎಷ್ಟು ಖಾಲಿ ಉಂಟು, ಯಾವಾಗ ತುಂಬಿಸ್ತೀರಿ? ಬಾಯಿಮಾತು ಸಾಲದು, ಬರೆದು ಕೊಡಿ. ಕನ್ನಡದಲ್ಲೇ ಬರೆಯಿರಿ. ಸರ್ಕಾರಕ್ಕೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಭಾಷಾ ಕಾಯ್ದೆಯೇ ಕೊಟ್ಟಿದೆ. ಸೊಲ್ಲಾಪುರ, ಅದೋನಿ, ತಾಳವಾಡಿಯ ಗೆಳೆಯರೇ, ನಿಮ್ಮಲ್ಲಿ ಕಾಯ್ದೆ ಬೇರೆ. ಆದರೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಬಗ್ಗೆ ಹೇಳುವ ಸಂವಿಧಾನದ 350ಎ ವಿಧಿ ಎಲ್ಲರಿಗೂ ಒಂದೇ.

ಇನ್ನೊಂದು ಮಾತು, ಇದು ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು. ಹುದ್ದೆ ಕೇಳುವ ನಾವು ನಮ್ಮ ತಮ್ಮ ತಂಗಿಯರನ್ನು ಕನ್ನಡ ತರಗತಿಗೆ ಸೇರಿಸಿದ್ದೇವಾ? ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಯಾವ ಶಾಸಕರೂ ಹುದ್ದೆ ಉಳಿಸ್ಲಿಕ್ಕೆ ಆಗುವುದಿಲ್ಲ.

ಮತದಾರರ ಪಟ್ಟಿಯಲ್ಲಿ ಹೆಸರು ಉಂಟಾ ಅಂತ ನೋಡ್ತೀರಲ್ಲ, ಹಾಜರಿ ಪುಸ್ತಕವನ್ನೂ ಹಾಗೆಯೇ ನೋಡಿ. ಕೇಳುವುದು ಸ್ವಾರ್ಥವಲ್ಲ ಮಕ್ಕಳೇ. ನಾವು ಕೇಳದೆ ಕೂತದ್ದಕ್ಕೆ ನಿಮ್ಮ ತಲೆಮಾರು ಬೆಲೆ ಕೊಡ್ತಾ ಉಂಟು.